ನೆಲದ ಚಿತ್ರಕ್ಕೆ ಯಾರ ಋಣ?

ಋಣ ಅನ್ನೋ ಮಾತಿಗೆ ನಮ್ಮ ನಾಡಿನಲ್ಲಿ ಎರಡು ಅರ್ಥ. ಶಾಸ್ತ್ರ ಹೇಳುವವರ ಬಾಯಲ್ಲಿ ಅದು ದೇವಋಣ, ಋಷಿಋಣ, ಪಿತೃಋಣ. ನಮ್ಮ ಕೇರಿಗಳಲ್ಲಿ ಅದು ಸಾಹುಕಾರನ ಪುಸ್ತಕದಲ್ಲಿ ಬೆಳೆಯುತ್ತ ಹೋಗುವ ಸಾಲ. ಅಪ್ಪ ಹೆಬ್ಬೆಟ್ಟು ಒತ್ತಿದರೆ ಮಗ ಜೀತಕ್ಕೆ ಹೋಗಬೇಕಾಗಿದ್ದ ಸಾಲ. ಜೀತಪದ್ಧತಿಯನ್ನು ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂತು. ಆದರೆ ಕಲ್ಲು ಒಡೆದವನ ಋಣ, ಮಣ್ಣು ಹೊತ್ತವಳ ಋಣ, ನೆಲ ಗುಡಿಸಿದವಳ ಋಣ ಯಾವ ಶಾಸ್ತ್ರದ ಪಟ್ಟಿಯಲ್ಲೂ ಸೇರಲಿಲ್ಲ.

ಕಲೆಯ ಚರಿತ್ರೆ ಬರೆಯುವವರೂ ಋಣದ ಮಾತಾಡ್ತಾರೆ. ಪ್ರಾಚೀನ ರೋಮಿನ ಮೊಸಾಯಿಕ್ ಚಿತ್ರಗಳು ಗ್ರೀಕ್ ಚಿತ್ರಕಲೆಗೆ ಋಣಿ ಅಂತ ಪುಸ್ತಕಗಳಲ್ಲಿ ಓದುತ್ತೇವೆ. ಮಾತು ಸುಳ್ಳಲ್ಲ. ಆದರೆ ಸಾಲದ ಲೆಕ್ಕ ಅಂದಮೇಲೆ ಪೂರ್ತಿ ನೋಡಬೇಕು. ಯಾರಿಗೆ ಯಾರು ಸಾಲಗಾರರು? ಸಾಲ ತೀರಿತೋ ಇಲ್ಲವೋ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಲ್ಲು ಬಂಡೆಗಳ ನಡುವೆ ಬದುಕುವ ನಮಗೆ ಈ ಪ್ರಶ್ನೆ ದೂರದ್ದಲ್ಲ. ಕಲ್ಲು ನಮ್ಮ ಜನರ ಹೊಟ್ಟೆಪಾಡು.

ಮೊಸಾಯಿಕ್ ಅಂದರೆ ನಮ್ಮವರಿಗೆ ಬ್ಯಾಂಕಿನ, ಆಸ್ಪತ್ರೆಯ, ಉಳ್ಳವರ ಮನೆಯ ನೆಲ ನೆನಪಾಗುತ್ತದೆ. ಬಣ್ಣದ ಕಲ್ಲುಚೂರನ್ನು ಸಿಮೆಂಟಿನಲ್ಲಿ ಕಲಸಿ ಹಾಸಿ, ಒಣಗಿದ ಮೇಲೆ ನೀರು ಬಿಟ್ಟು ಉಜ್ಜಿ ಉಜ್ಜಿ ಹೊಳಪು ತರುವ ನೆಲ. ಅಲ್ಲಿ ಚೂರು ಬಿದ್ದಲ್ಲಿ ಬಿತ್ತು. ಹಳೆಯ ಮೊಸಾಯಿಕ್ ಹಾಗಲ್ಲ. ಒಂದೊಂದು ಕಲ್ಲನ್ನೂ ಬಣ್ಣ ನೋಡಿ ಆರಿಸಿ, ಕತ್ತರಿಸಿ, ಇಂಥ ಕಡೆಗೇ ಇದು ಅಂತ ಕೂರಿಸಿದ ಚಿತ್ರ ಅದು. ಮೆಸಿಡೋನಿಯದ ಪೆಲ್ಲಾ ಪಟ್ಟಣದಲ್ಲಿ ಕ್ರಿ.ಪೂ. 4ನೆಯ ಶತಮಾನದ ಕೊನೆಗೆ ಮಾಡಿದ ನೆಲಗಳಿವೆ. ಅವಕ್ಕೆ ಬಳಸಿದ್ದು ನದಿಯಲ್ಲಿ ಉರುಳಿ ನುಣುಪಾದ ಬೆಣಚುಕಲ್ಲು. ಕಪ್ಪು, ಬಿಳಿ, ಕೆಂಪು, ಹಳದಿ. ಅಷ್ಟರಲ್ಲೇ ಜಿಂಕೆ ಬೇಟೆಯಾಡುವ ಇಬ್ಬರು ಯುವಕರ ಮೈಯ ಉಬ್ಬುತಗ್ಗು, ನೆರಳು ಬೆಳಕು ಎಲ್ಲ ಬಂದಿದೆ. ಅದರ ಮೇಲೆ ಒಂದು ಸಾಲು ಬರಹ ಇದೆ: ಗ್ನೋಸಿಸ್ ಇದನ್ನು ಮಾಡಿದ, ಅಂತ. ಕೆಲಸಗಾರನೊಬ್ಬ ತನ್ನ ಹೆಸರನ್ನು ನೆಲದಲ್ಲೇ ಕೂರಿಸಿದ್ದಾನೆ. ಹೆಸರು ಉಳಿದದ್ದು ತೀರ ಅಪರೂಪ. ಉಳಿದ ಸಾವಿರಾರು ನೆಲಗಳಿಗೆ ಯಜಮಾನರ ಹೆಸರುಂಟು, ಮಾಡಿದವರ ಹೆಸರಿಲ್ಲ.

ಆಮೇಲೆ ಬೆಣಚುಕಲ್ಲಿನ ಬದಲು ಕತ್ತರಿಸಿದ ಪುಟ್ಟ ಚೌಕ ಕಲ್ಲುಗಳು ಬಂದವು. ಕೆಲವು ಚಿತ್ರಗಳಲ್ಲಿ ಒಂದೊಂದು ಕಲ್ಲು ರಾಗಿಕಾಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅಡಿಪಾಯದ ಕೆಲಸ ಮಾತ್ರ ನಮ್ಮ ಗಾರೆಯವರಿಗೆ ಚೆನ್ನಾಗಿ ಗೊತ್ತಿದ್ದಂಥದೇ. ಕ್ರಿ.ಪೂ. ಮೊದಲ ಶತಮಾನದ ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಗಾರ ಅದನ್ನು ಬರೆದಿಟ್ಟಿದ್ದಾನೆ. ಮೊದಲು ಮುಷ್ಟಿಗಾತ್ರದ ಕಲ್ಲು. ಅದರ ಮೇಲೆ ಮೂರು ಪಾಲು ಕಲ್ಲುಚೂರಿಗೆ ಒಂದು ಪಾಲು ಸುಣ್ಣ ಹಾಕಿ ಬಡಿದ ಪದರ. ಅದರ ಮೇಲೆ ಮೂರು ಪಾಲು ಹೆಂಚಿನ ಪುಡಿಗೆ ಒಂದು ಪಾಲು ಸುಣ್ಣ. ನಮ್ಮ ಹಳೇ ಮನೆಗಳ ಸುರ್ಕಿ ಗಾರೆಯೂ ಇಟ್ಟಿಗೆ ಪುಡಿ, ಸುಣ್ಣಗಳದ್ದೇ ತಾನೆ? ಅದನ್ನು ದಿನಗಟ್ಟಲೆ ಬಡಿದವರು ಯಾರು ಅಂತ ವಿಟ್ರೂವಿಯಸ್ ಬರೆಯಲಿಲ್ಲ. ನಮ್ಮ ಶಾಸ್ತ್ರಗಳೂ ಬರೆಯಲಿಲ್ಲ.

ಈಗ ಗ್ರೀಕ್ ಚಿತ್ರಕಲೆಯ ಸಾಲಕ್ಕೆ ಬರೋಣ. ಗ್ರೀಕರ ದೊಡ್ಡ ಚಿತ್ರಕಾರರು ಬರೆದದ್ದು ಹೆಚ್ಚಾಗಿ ಮರದ ಹಲಗೆಗಳ ಮೇಲೆ. ಮರ ಕೊಳೆಯಿತು, ಸುಟ್ಟಿತು, ಹುಳ ತಿಂದಿತು. ಅಪೆಲ್ಲೆಸನ ಹೆಸರು ಉಳಿಯಿತು, ಅವನ ಒಂದು ಗೆರೆಯೂ ಉಳಿಯಲಿಲ್ಲ. ಕಲ್ಲಿನ ಚಿತ್ರ ಮಾತ್ರ ನೆಲದಲ್ಲಿ ಕೂತಿತು. ಹೀಗಾಗಿ ಕಳೆದುಹೋದ ಚಿತ್ರಗಳನ್ನು ವಿದ್ವಾಂಸರು ಈ ನೆಲಗಳಲ್ಲಿ ಹುಡುಕುತ್ತಾರೆ.

ಎಲ್ಲಕ್ಕಿಂತ ಹೆಸರಾದದ್ದು ಅಲೆಕ್ಸಾಂಡರನ ಮೊಸಾಯಿಕ್. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಬೂದಿಯಲ್ಲಿ ಹೂತ ಪಾಂಪೇ ಪಟ್ಟಣದ ಒಂದು ಶ್ರೀಮಂತ ಮನೆಯಲ್ಲಿ ಅದು 1831ರಲ್ಲಿ ಸಿಕ್ಕಿತು. ಈಗ ನೇಪಲ್ಸ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅಂಚು ಬಿಟ್ಟು ಸುಮಾರು 5 ಮೀಟರ್ ಉದ್ದ, 2.7 ಮೀಟರ್ ಅಗಲ. ಅದರಲ್ಲಿ 15 ಲಕ್ಷಕ್ಕೂ ಹೆಚ್ಚು ಕಲ್ಲುಗಳಿವೆ ಎಂದು ಅಂದಾಜು. ಒಂದು ಕಡೆ ಕುದುರೆ ಮೇಲೆ ಅಲೆಕ್ಸಾಂಡರ್, ಅವನ ಈಟಿ ಒಬ್ಬ ಪರ್ಷಿಯನ್ನನ ಮೈಯನ್ನು ತೂರಿಹೋಗಿದೆ. ಇನ್ನೊಂದು ಕಡೆ ರಥದಲ್ಲಿ ದೊರೆ ದಾರಿಯಸ್, ಸಾಯುತ್ತಿರುವ ತನ್ನವನ ಕಡೆ ಕೈ ಚಾಚಿದ್ದಾನೆ. ಸಾರಥಿ ಕುದುರೆಗಳಿಗೆ ಚಾಟಿ ಬೀಸುತ್ತಿದ್ದಾನೆ. ಒಂದು ಕುದುರೆ ನಮಗೆ ಬೆನ್ನು ಹಾಕಿ, ಹಿಂಭಾಗ ನಮ್ಮ ಕಡೆ ಮಾಡಿ ನಿಂತಿದೆ. ಚಪ್ಪಟೆ ನೆಲದಲ್ಲಿ ಇಂಥ ಆಳ ತೋರಿಸುವುದು ಚಿತ್ರಕಾರನ ವಿದ್ಯೆ. ಬಿಳಿ, ಹಳದಿ, ಕೆಂಪು, ಕಪ್ಪು ಈ ನಾಲ್ಕರ ಬಳಗದಲ್ಲೇ ಇಡೀ ಯುದ್ಧ ಮುಗಿದಿದೆ. ಗ್ರೀಕರ ಹಿರಿಯ ಚಿತ್ರಕಾರರು ನಾಲ್ಕೇ ಬಣ್ಣಗಳಲ್ಲಿ ಬರೆಯುತ್ತಿದ್ದರು ಅಂತ ರೋಮಿನ ಪ್ಲಿನಿ ಬರೆದಿದ್ದ. ಎರೆಟ್ರಿಯದ ಫಿಲೋಕ್ಸೆನೋಸ್ ಎಂಬುವನು ಕಸಾಂಡರ್ ದೊರೆಗಾಗಿ ಅಲೆಕ್ಸಾಂಡರ್ ಮತ್ತು ದಾರಿಯಸರ ಯುದ್ಧದ ಚಿತ್ರ ಬರೆದ ಅಂತಲೂ ಹೇಳಿದ್ದ. ಇನ್ನೊಂದು ಹಳೆಯ ಬರಹ ಇಂಥ ಚಿತ್ರ ಬರೆದವಳು ಹೆಲೆನ್ ಎಂಬ ಹೆಂಗಸು ಅನ್ನುತ್ತದೆ. ಮೂಲ ಯಾರದೇ ಆಗಲಿ, ಈ ನೆಲ ಒಂದು ಗ್ರೀಕ್ ಚಿತ್ರದ ನಕಲು ಎಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. 1977ರಲ್ಲಿ ಗ್ರೀಸಿನ ವೆರ್ಗಿನಾದಲ್ಲಿ ಮಾನೋಲಿಸ್ ಆಂಡ್ರೊನಿಕೋಸ್ ರಾಜಸಮಾಧಿಗಳನ್ನು ಅಗೆದಾಗ ಗೋಡೆಯ ಮೇಲೆ ಬೇಟೆಯ ಚಿತ್ರವೊಂದು ಸಿಕ್ಕಿತು. ಅದೇ ತಿರುವಿದ ಕುದುರೆಗಳು, ಅದೇ ಬೋಳುಮರ. ಸಾಲಪತ್ರಕ್ಕೆ ಸಾಕ್ಷಿ ಸಿಕ್ಕಂತಾಯಿತು.

ಆದರೆ ಇಲ್ಲೇ ನಮ್ಮ ತಕರಾರು. ನಕಲು ಅಂದಕೂಡಲೆ ಕೈ ಕೆಲಸ, ತಲೆಯ ಕೆಲಸ ಅಂತ ಎರಡು ಮಾಡಿ, ತಲೆಯನ್ನು ಮೇಲಿಟ್ಟು ಕೈಯನ್ನು ಕೆಳಗಿಡುತ್ತಾರೆ. ಇದು ನಮಗೆ ಚೆನ್ನಾಗಿ ಗೊತ್ತಿರುವ ಲೆಕ್ಕ. ವರ್ಣವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ನಿಜಾಂಶ ಏನು? ಚಿತ್ರಕಾರ ಕೆಂಪಿಗೆ ಬಿಳಿ ಬೆರೆಸಿ ಕೆನ್ನೆಯ ಬಣ್ಣ ಮಾಡಬಲ್ಲ. ಕಲ್ಲು ಬೆರೆಯುವುದಿಲ್ಲ. ಒಂದು ಕೆಂಪು, ಒಂದು ತಿಳಿಗೆಂಪು, ಒಂದು ಬಿಳಿ ಕಲ್ಲನ್ನು ಪಕ್ಕಪಕ್ಕ ಇಟ್ಟು, ನೋಡುವವನ ಕಣ್ಣಿನಲ್ಲೇ ಅವು ಬೆರೆಯುವ ಹಾಗೆ ಮಾಡಬೇಕು. ಕುಂಚ ಒಂದೇ ಎಳೆತಕ್ಕೆ ಮಾಡುವುದನ್ನು ಅವನು ನೂರು ತೀರ್ಮಾನಗಳಲ್ಲಿ ಮಾಡಬೇಕು. 15 ಲಕ್ಷ ಕಲ್ಲು ಅಂದರೆ 15 ಲಕ್ಷ ತೀರ್ಮಾನ. ಇದನ್ನು ಬುದ್ಧಿ ಅನ್ನದೆ ಬೇರೆ ಏನನ್ನಬೇಕು?

ಆ ಚಿತ್ರದಲ್ಲಿ ರಥದ ಹತ್ತಿರ ಕೆಳಗೆ ಬಿದ್ದ ಒಬ್ಬ ಸಾಮಾನ್ಯ ಸೈನಿಕ ಇದ್ದಾನೆ. ಹೊಳೆಯುವ ಗುರಾಣಿಯಲ್ಲಿ ಅವನ ಮುಖ ಅವನಿಗೇ ಕಾಣುತ್ತಿದೆ. ಅಲೆಕ್ಸಾಂಡರನ ಹೆಸರು ಜಗತ್ತಿಗೆ ಗೊತ್ತು, ದಾರಿಯಸನದೂ ಗೊತ್ತು. ಇವನ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮ ಸೀಮೆಯ ಕೆರೆ ಏರಿಗಳ ಮೇಲೆ ಅರ್ಧ ಹೂತು ನಿಂತ ವೀರಗಲ್ಲುಗಳ ಮುಂದೆ ನಿಂತಾಗ ನಮಗೆ ಇವನೇ ನೆನಪಾಗುತ್ತಾನೆ. ದನ ಕಾಯಲು, ಊರು ಕಾಯಲು ಸತ್ತವನಿಗೆ ಒಂದು ಕಲ್ಲಾದರೂ ಸಿಕ್ಕಿತು. ಆ ಕಲ್ಲನ್ನು ಬಂಡೆಯಿಂದ ಎಬ್ಬಿಸಿ ಹೊತ್ತು ತಂದವನಿಗೆ ಅದೂ ಸಿಗಲಿಲ್ಲ.

ಇನ್ನು ಗ್ರೀಕರ ಚಿತ್ರ ರೋಮಿಗೆ ಹೇಗೆ ಹೋಯಿತು? ಸಾಲವಾಗಿ ಅಲ್ಲ, ಲೂಟಿಯಾಗಿ. ಕ್ರಿ.ಪೂ. 146ರಲ್ಲಿ ರೋಮಿನ ದಳಪತಿ ಮುಮ್ಮಿಯಸ್ ಕೊರಿಂತ್ ಪಟ್ಟಣವನ್ನು ಸುಟ್ಟ. ಅಲ್ಲಿನ ಚಿತ್ರಗಳನ್ನು ನೆಲಕ್ಕೆ ಹಾಕಿ ಸೈನಿಕರು ಅವುಗಳ ಮೇಲೆ ದಾಳ ಆಡುತ್ತಿದ್ದುದನ್ನು ಇತಿಹಾಸಕಾರ ಪಾಲಿಬಿಯಸ್ ಬರೆದ. ಉಳಿದ ಕಲಾಕೃತಿಗಳು ಹಡಗು ಹತ್ತಿದವು, ಜನರನ್ನು ಗುಲಾಮರನ್ನಾಗಿ ಮಾರಿದರು. ಚಿತ್ರದ ರುಚಿ ಹತ್ತಿದ ರೋಮಿನ ಧಣಿಗಳಿಗೆ ಊಟದ ಮನೆಯ ನೆಲದ ಮೇಲೂ ಗ್ರೀಕ್ ಚಿತ್ರ ಬೇಕಾಯಿತು. ಮಾಡಿದವರಲ್ಲಿ ಸ್ವತಂತ್ರರಾದ ಗ್ರೀಕರಿದ್ದರು, ಗುಲಾಮರೂ ಇದ್ದರು. ಸೋತವರ ವಿದ್ಯೆಯ ಮೇಲೆ ಗೆದ್ದವರು ಕಾಲಿಟ್ಟು ನಡೆದರು.

ಕೂಲಿಯ ಲೆಕ್ಕವೂ ಸಿಕ್ಕಿದೆ. ಕ್ರಿ.ಶ. 301ರಲ್ಲಿ ಡಯೊಕ್ಲೀಷಿಯನ್ ಚಕ್ರವರ್ತಿ ಬೆಲೆಗಳಿಗೂ ಕೂಲಿಗೂ ಮಿತಿ ಹಾಕಿ ಆಜ್ಞೆ ಹೊರಡಿಸಿದ. ಊಟದ ಜೊತೆಗೆ ದಿನಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡಬಾರದು ಅಂತ. ಆಕೃತಿಗಳ ಚಿತ್ರ ಬರೆಯುವವನಿಗೆ 150 ದಿನಾರಿ. ಗೋಡೆಗೆ ಬಣ್ಣ ಬಳಿಯುವವನಿಗೆ 75. ಮೊಸಾಯಿಕ್ ಮಾಡುವವನಿಗೆ 60. ಸಾದಾ ಕಲ್ಲುಚೌಕದ ನೆಲ ಹಾಸುವವನಿಗೆ 50. ಹೊಲದ ಕೂಲಿಗೆ 25. ಚರಂಡಿ ತೊಳೆಯುವವನಿಗೂ 25. ಈ ಏಣಿಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಓದಿ ನೋಡಿ. ಹೊಲಸು ತೆಗೆಯುವ ಆರು ಜನರ ಕೂಲಿ ಒಬ್ಬ ಚಿತ್ರಕಾರನ ಕೂಲಿಗೆ ಸಮ. ಆದರೂ ಒಂದು ಮಾತು ಹೇಳಬೇಕು. ಅಲ್ಲಿ ಚರಂಡಿ ತೊಳೆದವನಿಗೆ ಕೂಲಿ ಅಂತ ಒಂದು ಅಂಕಿ ಕಲ್ಲಿನ ಮೇಲೆ ಕೆತ್ತಿತ್ತು. ನಮ್ಮಲ್ಲಿ ಆ ಕೆಲಸಕ್ಕೆ ತಂಗಳನ್ನ ಕೊಟ್ಟು, ಹುಟ್ಟಿನಿಂದಲೇ ಅದು ನಿನ್ನ ಧರ್ಮ ಅಂದರು.

ಹೊಲಸಿನ ಮಾತು ಬಂದದ್ದಕ್ಕೆ ಇನ್ನೊಂದು ನೆಲದ ಕಥೆ. ಪೆರ್ಗಮೋನ್ ಪಟ್ಟಣದ ಸೋಸೋಸ್ ಎಂಬ ಕಲಾವಿದ ಗುಡಿಸದ ನೆಲ ಎಂಬ ಹೆಸರಿನ ಮೊಸಾಯಿಕ್ ಮಾಡಿದ ಅಂತ ಪ್ಲಿನಿ ಬರೆಯುತ್ತಾನೆ. ಅದರದೇ ಮಾದರಿಯ ಒಂದು ನೆಲ 1833ರಲ್ಲಿ ರೋಮಿನಲ್ಲಿ ಸಿಕ್ಕಿತು. ಹೆರಾಕ್ಲಿಟೋಸ್ ಎಂಬುವನ ಹೆಸರು ಅದರ ಮೇಲಿದೆ. ಔತಣ ಮುಗಿದ ಮೇಲಿನ ಎಂಜಲೇ ಅದರ ಚಿತ್ರ. ಕೋಳಿಯ ಮೂಳೆ, ಮೀನಿನ ಮುಳ್ಳು, ಚಿಪ್ಪು, ಹಣ್ಣಿನ ಚೂರು, ಅಕ್ರೋಟ ಕಡಿಯುತ್ತಿರುವ ಒಂದು ಇಲಿ. ಒಂದೊಂದರ ಪಕ್ಕಕ್ಕೂ ಅದರ ನೆರಳು. ಈ ನೆರಳೇ ಗ್ರೀಕ್ ಚಿತ್ರಕಲೆಯ ಋಣ ಅಂತಾರೆ. ಉಂಡವರಿಗೆ ಅದು ವಿನೋದ. ಎಷ್ಟು ಗುಡಿಸಿದರೂ ಹೋಗದ ಎಂಜಲು! ಆದರೆ ಪೊರಕೆ ಹಿಡಿದು ಆ ಕೋಣೆಗೆ ಬಂದ ಗುಲಾಮಳಿಗೆ ಅದು ಹೇಗೆ ಕಂಡಿದ್ದೀತು? ಯಾವ ಮೂಳೆ ನಿಜ, ಯಾವ ಮೂಳೆ ಕಲ್ಲು ಅಂತ ಅವಳು ಬಗ್ಗಿ ನೋಡಬೇಕಿತ್ತು. ಊರ ಮದುವೆಗಳಲ್ಲಿ ಎಂಜಲೆಲೆ ಎತ್ತಿದ ಜನ ಈ ಚಿತ್ರವನ್ನು ಬೇರೆ ರೀತಿಯಲ್ಲೇ ನೋಡುತ್ತಾರೆ. ಕಲಾವಿಮರ್ಶೆಗೆ ಈ ನೋಟವೂ ಸೇರಬೇಕು ಅನ್ನುವುದೇ ನಮ್ಮ ವಾದ.

ಹಾಗಂತ ನಾವು ಆ ಕಲೆಯನ್ನು ಒದೆಯುವವರಲ್ಲ. ಸಾಮೋಸ್ ದ್ವೀಪದ ಡಯೋಸ್ಕುರಿಡೀಸ್ ಸಹಿ ಹಾಕಿದ ಇನ್ನೊಂದು ಚಿಕ್ಕ ಚಿತ್ರ ಪಾಂಪೇಯಲ್ಲಿ ಸಿಕ್ಕಿದೆ. ನಾಟಕದ ಮುಖವಾಡ ಹಾಕಿದ ಬೀದಿ ವಾದ್ಯಗಾರರು. ಒಬ್ಬನ ಕೈಯಲ್ಲಿ ದೊಡ್ಡ ಚರ್ಮದ ವಾದ್ಯ, ಒಬ್ಬನ ಕೈಯಲ್ಲಿ ತಾಳ, ಹೆಂಗಸಿನ ಬಾಯಲ್ಲಿ ಜೋಡಿ ಕೊಳಲು. ವಾದ್ಯ ಬಡಿಯುವವನ ಮೈ ವಾಲಿರುವ ರೀತಿ ನೋಡಿದರೆ ನಮ್ಮ ತಮಟೆಯವರಿಗೆ ಗುರುತು ಹತ್ತದೆ ಇರದು. ದೊರೆಗಳ ಯುದ್ಧಕ್ಕೆ ಕೊಟ್ಟಷ್ಟೇ ಶ್ರದ್ಧೆಯನ್ನು ಬೀದಿಯವರಿಗೂ ಕೊಟ್ಟ ಆ ಕೈಗೆ ನಮ್ಮ ನಮಸ್ಕಾರ.

ಈಗ ನಮ್ಮ ನೆಲಕ್ಕೆ ಬರೋಣ. ರೋಮಿನ ಬೆಳ್ಳಿ ನಾಣ್ಯ ನಮ್ಮ ಕಡೆಗೂ ಬಂದಿತ್ತು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ನಾಣ್ಯಗಳ ಗಂಟು ಸಿಕ್ಕಿತು. ಆದರೆ ನಾಣ್ಯದ ಜೊತೆ ನೆಲದ ಚಿತ್ರ ಬರಲಿಲ್ಲ. ನಮ್ಮ ಕಲ್ಲಿನ ಕಲೆ ಬೇರೆಯವರಿಂದ ಸಾಲ ತಂದಿತು. ಯಾರಿಂದ ಅನ್ನುವುದನ್ನು ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ ನೋಡಬಹುದು. ಚಿಕ್ಕಬಳ್ಳಾಪುರದ ಹತ್ತಿರ, ಬೆಟ್ಟದ ಬುಡದಲ್ಲಿ ಅದಿದೆ. ಒಂಬತ್ತನೆಯ ಶತಮಾನದ ಮೊದಲ ಭಾಗದ ಶಾಸನಗಳು ಅದಕ್ಕಿವೆ. ಬಾಣರ ವಿದ್ಯಾಧರನ ರಾಣಿ ರತ್ನಾವಳಿ ಕಟ್ಟಿಸಿದಳು ಅಂತ ಹೇಳುತ್ತಾರೆ. ಆಮೇಲೆ ಚೋಳರು, ಹೊಯ್ಸಳರು, ವಿಜಯನಗರದವರು ಸೇರಿಸುತ್ತ ಹೋದರು. ಕಟ್ಟಿಸಿದವರ ಪಟ್ಟಿ ಶಾಲೆಯ ಮಕ್ಕಳಿಗೂ ಬಾಯಿಪಾಠ.

ಗುಡಿಯ ಸೂರಿನಂಚನ್ನು ತಲೆ ಎತ್ತಿ ನೋಡಿ. ಬಾಗಿದ ಕಲ್ಲಿನ ಸೂರು, ಅದರ ಮೇಲೆ ಸಾಲಾಗಿ ಲಾಳದ ಆಕಾರದ ಚಿಕ್ಕ ಕಮಾನುಗಳು. ಶಿಲ್ಪಶಾಸ್ತ್ರದವರು ಸೂರಿಗೆ ಕಪೋತ ಅಂತಾರೆ, ಕಮಾನಿಗೆ ಕೂಡು ಅಂತಾರೆ, ನಾಸಿ ಅಂತಾರೆ. ಹೆಸರು ಏನೇ ಇರಲಿ, ಅದರ ಹುಟ್ಟು ಎಲ್ಲಿ? ಬಿದಿರು ಬಗ್ಗಿಸಿ ಹುಲ್ಲು ಹೊದಿಸಿದ ಛಾವಣಿಯ ಎದುರುಮುಖ ಅದು. ಇದು ನಾವು ಕಟ್ಟಿದ ಕಥೆಯಲ್ಲ, ವಿದ್ವಾಂಸರು ಒಪ್ಪಿದ ಮಾತು. ಬಿಹಾರದ ಬರಾಬರ್ ಬೆಟ್ಟದ ಲೋಮಸ್ ಋಷಿ ಗುಹೆಯ ಬಾಗಿಲಲ್ಲಿ ಮೌರ್ಯರ ಕಾಲಕ್ಕೇ ಮರದ ಗುಡಿಸಲಿನ ತೊಲೆ, ಬಗ್ಗಿಸಿದ ಕಮಾನು ಎಲ್ಲವನ್ನೂ ಕಲ್ಲಿನಲ್ಲಿ ಹಾಗೆಹಾಗೇ ಕೆತ್ತಿದ್ದಾರೆ. ಮಹಾರಾಷ್ಟ್ರದ ಕಾರ್ಲೆ ಗುಹೆಯ ಛಾವಣಿಯಲ್ಲಿ ಕಲ್ಲಿಗೆ ಬೇಡವೇ ಬೇಡವಾದ ಮರದ ಪಕ್ಕೆಗಳು ಇವತ್ತಿಗೂ ಇವೆ. ರೋಮಿನ ನೆಲಕ್ಕೆ ಗ್ರೀಕರ ಹಲಗೆ ಹೇಗೋ, ನಮ್ಮ ಕಲ್ಲುಗುಡಿಗೆ ಹುಲ್ಲು ಗುಡಿಸಲು ಹಾಗೆ. ಅಲ್ಲೂ ಮರ ಕೊಳೆಯಿತು, ಕಲ್ಲು ಉಳಿಯಿತು. ಇಲ್ಲೂ ಗುಡಿಸಲು ಕೊಳೆಯಿತು, ಗುಡಿ ಉಳಿಯಿತು. ಒಂದೇ ವ್ಯತ್ಯಾಸ: ಗ್ರೀಕರ ಋಣವನ್ನು ಪುಸ್ತಕಗಳು ದೊಡ್ಡ ದನಿಯಲ್ಲಿ ಹೇಳುತ್ತವೆ. ಗುಡಿಸಲಿನ ಋಣವನ್ನು ಅಡಿಟಿಪ್ಪಣಿಗೆ ತಳ್ಳುತ್ತವೆ.

ಗುಡಿಸಲಿನವರನ್ನು ಮಾತ್ರ ಗುಡಿಯ ಒಳಗೆ ಬಿಡಲಿಲ್ಲ. ಛಾವಣಿಯ ಆಕಾರ ಬೇಕು, ಆ ಛಾವಣಿಯ ಕೆಳಗೆ ಹುಟ್ಟಿದವನು ಬೇಡ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದ ದಲಿತ ಹುಡುಗನ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಿದರು ಎಂಬ ಸುದ್ದಿ ದೇಶವೆಲ್ಲ ಹರಡಿತು. ಚಿಕ್ಕಬಳ್ಳಾಪುರ 2007ರಲ್ಲಿ ಬೇರೆ ಜಿಲ್ಲೆಯಾಗುವ ತನಕ ನಾವೂ ಅದೇ ಕೋಲಾರ ಜಿಲ್ಲೆಯವರೇ. ದಂಡ ಯಾರು ಯಾರಿಗೆ ಕಟ್ಟಬೇಕಿತ್ತು ಅನ್ನೋದನ್ನು ಓದುಗರೇ ಹೇಳಲಿ.

ಗೌರಿಬಿದನೂರಿನಿಂದ ಹಿಂದೂಪುರ ದಾಟಿದರೆ ಲೇಪಾಕ್ಷಿ. ಈಗ ಆಂಧ್ರಕ್ಕೆ ಸೇರಿದರೂ ಅಲ್ಲಿ ಕನ್ನಡ ಶಾಸನಗಳಿವೆ. ಅಚ್ಯುತರಾಯನ ಕಾಲದಲ್ಲಿ, ಅಂದರೆ 16ನೆಯ ಶತಮಾನದಲ್ಲಿ, ವಿರೂಪಣ್ಣ ಕಟ್ಟಿಸಿದ ಗುಡಿ. ಅದರ ಛಾವಣಿಯ ಸುಣ್ಣದ ಗಾರೆಯ ಮೇಲೆ ಕಾವಿಗೆಂಪು, ಹಳದಿ, ಕಪ್ಪು, ಬಿಳಿ ಬಣ್ಣಗಳೇ ಹೆಚ್ಚಾಗಿ ಮೆರೆಯುತ್ತವೆ. ಇದಕ್ಕೆ ಗ್ರೀಸಿಗೆ ಹೋಗಬೇಕಾಗಿಲ್ಲ. ಮಣ್ಣು, ಸುಣ್ಣ, ದೀಪದ ಮಸಿ ಎಲ್ಲ ಊರಿನಲ್ಲೂ ಸಿಗುತ್ತವೆ. ಬಡವನ ಗೋಡೆಯ ಕಾವಿ ಕೆಮ್ಮಣ್ಣೂ ಅದೇ. ಆ ಚಿತ್ರಗಳ ಹೆಂಗಸರು ಉಟ್ಟ ಸೀರೆಯ ಅಂಚು, ಪಟ್ಟೆ, ಹೂವು ನೋಡಿ. ಅದು ನೇಕಾರನ ಮಗ್ಗದ ಋಣ. ಇವತ್ತು ನೇಕಾರರು ಲೇಪಾಕ್ಷಿ ಡಿಸೈನ್ ಅಂತ ಅದನ್ನೇ ಮತ್ತೆ ಸೀರೆಗೆ ತರುತ್ತಾರೆ. ಕೊಟ್ಟ ಸಾಲ ತಿರುಗಿ ಬಂತು ಅನ್ನಿ. ವಿರೂಪಣ್ಣನ ಹೆಸರು ಉಳಿಯಿತು, ಛಾವಣಿಯ ಕೆಳಗೆ ಅಂಗಾತ ಮಲಗಿ ಗೆರೆ ಎಳೆದವರ ಹೆಸರು ಉಳಿಯಲಿಲ್ಲ. ಹೊಯ್ಸಳರ ಗುಡಿಗಳಲ್ಲಿ ಮಲ್ಲಿತಮ್ಮ, ದಾಸೋಜರಂಥವರು ತಮ್ಮ ಹೆಸರು ಕೆತ್ತಿದ್ದಾರೆ, ನಿಜ. ಅದು ನಮಗೂ ಹೆಮ್ಮೆ. ಆದರೆ ಹೆಸರು ಉಳಿದದ್ದು ಉಳಿ ಹಿಡಿದ ರೂವಾರಿಯದು. ಬಂಡೆ ಎಬ್ಬಿಸಿದವನದು, ಗಾಡಿ ಎಳೆದವನದು, ಗಾರೆ ಬಡಿದವಳದು ಯಾವ ಗೋಡೆಯ ಮೇಲಿದೆ?

ಹಳೆಯದು ಬಿಡಿ ಅಂತ ಯಾರಾದರೂ ಅಂದಾರು. ನಮ್ಮ ಜಿಲ್ಲೆಯಲ್ಲಿ ಇದು ಹಳೆಯದಲ್ಲ. ಸುತ್ತಿಗೆ ಹಿಡಿದು ರಸ್ತೆ ಬದಿಯ ಬಿಸಿಲಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದ ಹೆಂಗಸರನ್ನು ನಾವು ಕಂಡಿದ್ದೇವೆ. ಒಂದೇ ಅಳತೆಯ ಕಲ್ಲು, ದಿನಕ್ಕೆ ಸಾವಿರ ಏಟು. ಪಾಂಪೇಯ ಚೌಕಕಲ್ಲು ಕತ್ತರಿಸಿದ ಕೈಗೂ ಈ ಕೈಗೂ ಕಸುಬಿನಲ್ಲಿ ನಂಟಿದೆ. ಆ ಕೆಲಸವನ್ನು ಕ್ರಷರ್ ನುಂಗಿತು. ಈಗ ಬೆಂಗಳೂರಿನ ಮಹಡಿಗಳಿಗೆ ನಮ್ಮ ಬೆಟ್ಟಗಳು ಲಾರಿ ಹತ್ತಿ ಜಲ್ಲಿಯಾಗಿ, ಎಂ-ಸ್ಯಾಂಡ್ ಆಗಿ ಹೋಗುತ್ತಿವೆ. ಕಲ್ಲಿನ ದೂಳು ಎದೆಯಲ್ಲಿ ಕೂತರೆ ಸಿಲಿಕೋಸಿಸ್. ಒಮ್ಮೆ ಕೂತ ದೂಳು ಹೊರಗೆ ಬರುವುದಿಲ್ಲ, ಪುಪ್ಪುಸ ಕಲ್ಲಾಗುತ್ತ ಹೋಗುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಕ್ವಾರಿಯ ಜೆಲೆಟಿನ್ ಕಡ್ಡಿಗಳು ಸಿಡಿದು ಆರು ಜನ ಸತ್ತರು. ಬಂಡೆ ಒಡೆದು ಬಂದ ಜಲ್ಲಿ ಯಾವ ಮನೆಯ ಯಾವ ನೆಲದಲ್ಲಿ ಕೂತಿದೆ ಅಂತ ಯಾರು ಹೇಳುತ್ತಾರೆ? ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿದ ಬಿಸಿನೀರಿನಲ್ಲಿ ಬೆರಳು ಅದ್ದಿ ನೂಲಿನ ತುದಿ ಹುಡುಕುವ ಹೆಂಗಸರ ಕೈ ನೋಡಿ. ರೇಷ್ಮೆ ನುಣುಪು, ಬೆರಳು ಬೆಂದದ್ದು. ನುಣುಪಿಗೆ ಬೆಲೆ ಉಂಟು, ಬೆರಳಿಗೆ ಇಲ್ಲ.

ಹಾಗಾದರೆ ನಾವು ಕೇಳುವುದೇನು? ಕಲೆಯ ಚರಿತ್ರೆಯನ್ನು ಸುಡಬೇಕು ಅಂತಲ್ಲ. ಅದರ ಸಾಲದ ಪುಸ್ತಕವನ್ನು ಪೂರ್ತಿ ತೆರೆಯಬೇಕು ಅಂತ. ನಂದಿಗೆ ಶಾಲಾ ಪ್ರವಾಸಕ್ಕೆ ಹೋಗುವ ಮಕ್ಕಳಿಗೆ ರತ್ನಾವಳಿಯ ಹೆಸರು ಹೇಳುವಾಗ, ಮೇಷ್ಟರು ಆ ಕೂಡಿನ ಕಮಾನು ತೋರಿಸಿ ಇದು ಗುಡಿಸಲಿನಿಂದ ಬಂದದ್ದು ಅಂತಲೂ ಹೇಳಲಿ. ಗುಡಿಯ ಮುಂದಿನ ಫಲಕದಲ್ಲಿ ಕಟ್ಟಿಸಿದವರ ಜೊತೆ ಕಟ್ಟಿದವರಿಗೂ ಒಂದು ಸಾಲು ಇರಲಿ. ಹೆಸರು ಗೊತ್ತಿಲ್ಲದಿದ್ದರೆ ಕಸುಬು ಬರೆಯಲಿ: ಕಲ್ಲು ಎಬ್ಬಿಸಿದವರು, ಹೊತ್ತವರು, ಕೆತ್ತಿದವರು, ಗಾರೆ ಬಡಿದವರು. ಕ್ವಾರಿಯಲ್ಲಿ ದುಡಿಯುವವನ ಎದೆಯ ಪರೀಕ್ಷೆ ವರ್ಷ ವರ್ಷ ನಡೆಯಲಿ, ದೂಳಿಗೆ ನೀರು ಹೊಡೆಯಲಿ, ಕೂಲಿಯ ಪುಸ್ತಕದಲ್ಲಿ ಅವನ ಹೆಸರಿರಲಿ. ಎರಡು ಬೇಡಿಕೆಯೂ ಒಂದೇ. ಸತ್ತ ಕೆಲಸಗಾರನನ್ನು ಮರೆತ ಸಮಾಜ ಬದುಕಿರುವವನನ್ನು ನೆನೆಯುವುದಿಲ್ಲ.

ಗ್ನೋಸಿಸ್ ಇದನ್ನು ಮಾಡಿದ ಅಂತ ಪೆಲ್ಲಾದ ನೆಲ 2,300 ವರ್ಷಗಳಿಂದ ಹೇಳುತ್ತಿದೆ. ಅಷ್ಟು ಹೇಳಲು ಅವನಿಗೆ ಬೇಕಾದದ್ದು ಒಂದು ಹಿಡಿ ಬೆಣಚುಕಲ್ಲು ಮತ್ತು ಅಕ್ಷರ. ಕಲ್ಲು ನಮ್ಮ ಜನರ ಕೈಯಲ್ಲಿ ಯಾವಾಗಲೂ ಇತ್ತು. ಅಕ್ಷರವನ್ನು ಕಸಿದಿದ್ದರು. ಈಗ ಅದೂ ಬಂದಿದೆ. ಇನ್ನು ಲೆಕ್ಕ ನಾವೇ ಬರೆಯುತ್ತೇವೆ.